ಮಷೀನ್ ನಮ್ಮ ಮಾತು ಆಡ್ತದೇನ್ರಿ? ತಮ್ಮನ ಟ್ಯಾಬ್ಲೆಟ್ ಬಗ್ಗೆ ಕೇಳೋದಿತ್ತು

ಗಂಜ್ ಅಕ್ಕ · ಕಲಬುರಗಿ · ಮಂಗಳವಾರ ರಾತ್ರಿ 10:12

ನಮಸ್ಕಾರ್ರಿ. ಇಷ್ಟ ದಿನ ಬರೇ ಓದಕೋತ ಕುಂತಿದ್ದೆ, ಇವತ್ತ ಬರೀಲಾಕತ್ತೀನಿ.

ನನ್ನ ತಮ್ಮಗ 19 ವರ್ಷ. ಹುಟ್ಟೋ ಹೊತ್ತಿನ್ಯಾಗ ಮೆದುಳಿಗೆ ಉಸಿರು ಸಾಲಲಿಲ್ಲ, ಸೆರೆಬ್ರಲ್ ಪಾಲ್ಸಿ ಅಂದ್ರು. ಕೈಕಾಲು ಬಿಗಿ, ಗಾಲಿಕುರ್ಚಿ ಮ್ಯಾಲ ಇರ್ತಾನ. ಬಲಗೈ ತೋರಬೆರಳು ಒಂದೇ ಅವನ ಮಾತು ಕೇಳ್ತದ, ಅದೂ ಅದರ ಮರ್ಜಿ ಇದ್ದಾಗ. ನಾಲಿಗಿ ಹೊರಳಲ್ಲ. ಅವ್ವ, ನಾನು, ಮಗ್ಗಲ ಮನಿ ಖಾಲಾ, ಈ ಮೂರು ಮಂದಿ ಬಿಟ್ರ ಅವ ಏನಂದ ಅನ್ನೋದು ಯಾರಿಗೂ ತಿಳಿಯಲ್ಲ. ಆದರ ತಲಿ ಭಾಳ ಚುರುಕ್. ಕ್ರಿಕೆಟ್ ಸ್ಕೋರು, ಇವತ್ತಿನ ತೊಗರಿ ರೇಟು, ಓಣ್ಯಾಗ ಯಾರಿಗೆ ಯಾರಿಗೆ ಜಗಳ, ಎಲ್ಲಾ ಅವಗ ಗೊತ್ತಿರ್ತದ.

ಹೋದ ದೀಪಾವಳಿಗೆ ಮಾಮಾ ಟ್ಯಾಬ್ಲೆಟ್ ಕೊಡಿಸಿದ. ಚಿತ್ರ ಒತ್ತಿದ್ರ ಮಾತಾಡೋ ಆ್ಯಪ್ ಹಾಕಿಸಿದ್ವಿ, ದುಡ್ಡು ಕೊಟ್ಟು. ಹೆಸರು ಬ್ಯಾಡ. ಕನ್ನಡ ಅದ ಅಂದ್ರು, ಖರೇನೇ ಅದ. ನೀರಿನ ಚಿತ್ರ ಒತ್ತಿದ್ರ ಒಬ್ಬಾಕಿ ಹೆಣ್ಮಗಳು 'ನನಗೆ ನೀರು ಬೇಕು' ಅಂತಾಳ, ವಾರ್ತೆ ಓದಿದಂಗ. ಮೊದಲ ದಿನ ಅವ ನಕ್ಕ. ಎರಡನೇ ದಿನ ನಾಕು ಸಲ ಒತ್ತಿದ. ಮೂರನೇ ದಿನದಿಂದ ಮುಟ್ಟಲ್ಲ. ಮುಂದ ಇಟ್ರ ಮೊಣಕೈಲಿಂದ ತಳ್ತಾನ. ಡಿಸೆಂಬರ್‌ದಿಂದ ಕಪಾಟಿನ ಮ್ಯಾಲ ಧೂಳ ತಿನ್ಕೋತ ಕುಂತದ.

ನಿನ್ನೆ ನಾನೇ ಮುಂದ ಕುಂತು ಕೇಳಿದೆ, ಯಾಕ ಬ್ಯಾಡ ಅಂತ. ಅವ ಹೌದು ಇಲ್ಲ ಅಂತ ತಲಿ ಅಲ್ಲಾಡಿಸೋದು, ನಾ ಊಹೆ ಮಾಡೋದು. ಅರ್ಧ ತಾಸು ಹಿಡೀತು. ಹೊರಬಿದ್ದದ್ದು ಇಷ್ಟು: ಅದು ಹೆಂಗಸಿನ ದನಿ. ಅದು ನಮ್ಮ ಮಂದಿ ಮಾತಲ್ಲ. ಗೆಳ್ಯಾರ ಮುಂದ ಒತ್ತಿದ್ರ ನಗ್ತಾರ.

ಇದಕ್ಕೇನಾರ ದಾರಿ ಅದೇನ್ರಿ? 'ಯವ್ವಾ ನೀರ್ ಕೊಡ' ಅನ್ನೋ ಮಷೀನ್ ಎಲ್ಲ್ಯಾರ ಸಿಗ್ತದೇನು?


ಬೀದರ್ ಟೀಚರ್ · ಬೀದರ್ · ಮಂಗಳವಾರ ರಾತ್ರಿ 11:30

ಅಕ್ಕಾ, ನಿಮ್ಮ ತಮ್ಮ ಮಾಡಿದ್ದೇ ಸರಿ. 19ರ ಹುಡುಗನಿಗೆ ನಡುವಯಸ್ಸಿನ ಹೆಣ್ಣುಮಗಳ ದನಿ ಕೊಟ್ಟು ಮಾತಾಡಪ್ಪಾ ಅಂದ್ರೆ ಯಾರು ಮಾತಾಡ್ತಾರೆ? ವಿಶೇಷ ಮಕ್ಕಳ ಶಾಲೆಯಲ್ಲಿ 14 ವರ್ಷದಿಂದ ಇದ್ದೀನಿ. ಕಪಾಟು ಸೇರಿದ ಟ್ಯಾಬ್ಲೆಟ್ ಎಷ್ಟು ನೋಡಿದ್ದೀನೋ ಲೆಕ್ಕವಿಲ್ಲ. ಪ್ರತಿ ಸಲ ಫೈಲಿನಲ್ಲಿ 'ಮಗುವಿಗೆ ಆಸಕ್ತಿ ಇಲ್ಲ' ಅಂತ ಬರೀತಾರೆ. ಯಾಕಿಲ್ಲ ಅಂತ ನೀವು ಅರ್ಧ ತಾಸು ಕೂತು ಕೇಳಿದ್ರಲ್ಲ, ಅದು ಯಾವ ಫೈಲಿನಲ್ಲೂ ಇರಲ್ಲ.

ದನಿಯ ಮಾತು. ಇಂಥ ಆ್ಯಪ್‌ಗಳಲ್ಲಿ ಬಹುತೇಕ ಎಲ್ಲದರಲ್ಲೂ ಒಂದೊಂದು ಚಿತ್ರಕ್ಕೆ ನಾವೇ ದನಿ ರೆಕಾರ್ಡ್ ಮಾಡಿ ಹಾಕಬಹುದು. ಸೆಟ್ಟಿಂಗ್ಸ್‌ನಲ್ಲಿ ಹುಡುಕಿ. ಅವನ ವಯಸ್ಸಿನ, ಅವನ ಓಣಿಯ ಮಾತಾಡುವ ಗಂಡುಹುಡುಗ ಯಾರಾದ್ರೂ ಇದ್ದಾನೇನು? ಚಿಗಪ್ಪನ ಮಗ, ಗೆಳೆಯ, ಯಾರಾದ್ರೂ. ಅವನ ದನಿ ಇವನೇ ಆರಿಸಲಿ, ನೀವು ಆರಿಸಬೇಡಿ.

ಇನ್ನೊಂದು ವಿಷಯ, ಆ್ಯಪ್ ಮಾರೋರು ಹೇಳದೇ ಇರೋದು. ಈ ಚಿತ್ರದ ಹಲಗೆಗಳು ಹುಟ್ಟಿದ್ದು ಇಂಗ್ಲಿಷಿಗೆ. ಅಲ್ಲಿ ಪದದ ಪಕ್ಕ ಪದ ಇಟ್ಟರೆ ವಾಕ್ಯ. ನಮ್ಮಲ್ಲಿ ಎಲ್ಲಾ ಪದದ ಬಾಲಕ್ಕೆ ಅಂಟಿಕೊಂಡಿರ್ತದೆ. ನಾನು, ಸಾಲಿ, ಹೋಗು ಅಂತ ಮೂರು ಒತ್ತಿದರೆ 'ನಾನು ಸಾಲಿ ಹೋಗು' ಅಂತದೆ, 'ಸಾಲಿಗಿ ಹೋತೀನಿ' ಆಗಲ್ಲ. ತೊಗರಿ ರೇಟು ಗೊತ್ತಿರೋ ಹುಡುಗನ ಬಾಯಲ್ಲಿ ಎರಡು ವರ್ಷದ ಕೂಸಿನ ಮಾತು ಇಟ್ಟಂಗಾಯ್ತು. ಅದಕ್ಕೆ ನಾವು ಒಂಟಿ ಪದ ಕಡಿಮೆ ಮಾಡಿ ಇಡೀ ಮಾತೇ ಹಲಗೆಯ ಒಂದು ಮನೆಗೆ, ಅಂದ್ರೆ ಒಂದು ಚೌಕಕ್ಕೆ, ಹಾಕ್ತೀವಿ. 'ಹೊರಗ ಕರಕೊಂಡು ಹೋಗು.' 'ಈಗ ಬ್ಯಾಡ, ಆಮ್ಯಾಲ.' 'ನೀ ಸುಮ್ಕಿರು.' ಕೊನೇದನ್ನ ಮರೀಬೇಡಿ, ಎಲ್ಲಕ್ಕಿಂತ ಹೆಚ್ಚು ಸವೆಯೋ ಬಟನ್ ಅದೇ.

ಒಮ್ಮೆ ಒಂದು ಮನೆಯಲ್ಲಿ ಇಟ್ಟ ಚಿತ್ರ ಅಲ್ಲೇ ಇರಬೇಕು. ಚಂದ ಕಾಣ್ತದೆ ಅಂತ ಜಾಗ ಬದಲಿಸಬೇಡಿ. ರೊಟ್ಟಿ ಬಡಿಯುವಾಗ ಒಣಹಿಟ್ಟು ಎಲ್ಲಿದೆ ಅಂತ ಕಣ್ಣಿಂದ ಹುಡುಕ್ತೀರೇನು? ಕೈಗೆ ಗೊತ್ತಿರ್ತದೆ. ಅವನ ಬೆರಳಿಗೂ ಹಾಗೆ ಗೊತ್ತಾಗಬೇಕು, ಅದಕ್ಕೆ ತಿಂಗಳುಗಟ್ಟಲೆ ಬೇಕು.

ಬೆರಳು ಅದುರಿ ಪಕ್ಕದ್ದು ಒತ್ತಿದರೆ ಎರಡು ಉಪಾಯ. ಟ್ಯಾಬ್ಲೆಟ್‌ನ ಆ್ಯಕ್ಸೆಸಿಬಿಲಿಟಿ ಸೆಟ್ಟಿಂಗ್ಸ್‌ನಲ್ಲಿ, ಇಲ್ಲಾ ಆ್ಯಪ್‌ನಲ್ಲೇ, ಬೆರಳು ಎಷ್ಟು ಹೊತ್ತು ಇಟ್ಟರೆ ಒತ್ತಿದಂತೆ ಅನ್ನೋದನ್ನ ಹೆಚ್ಚು ಮಾಡಿಕೊಳ್ಳಿ. ಮತ್ತೆ ಪರದೆಯ ಮೇಲೆ ತೂತು ಇರುವ ಅಕ್ರಿಲಿಕ್ ಹಾಳೆ ಇಡಿ, ಒಂದು ಚಿತ್ರಕ್ಕೆ ಒಂದು ತೂತು, ಬೆರಳು ಜಾರಿದರೂ ತೂತಿನೊಳಗೇ ನಿಲ್ತದೆ. ಹೊರದೇಶದಿಂದ ತರಿಸೋದು ಬೇಡ. ಅಂಗಡಿ ಬೋರ್ಡ್ ಮಾಡೋರ ಹತ್ತಿರ ಲೇಸರ್ ಕಟ್ಟಿಂಗ್ ಇರ್ತದೆ, ಅಳತೆ ಕೊಟ್ಟರೆ ಕೊಯ್ದು ಕೊಡ್ತಾರೆ.

ಕಡೆಗೆ ಒಂದು ಮಾತು: ನೀವೂ ಒತ್ತಬೇಕು. ಊಟಕ್ಕೆ ಕರೆಯುವಾಗ ಬಾಯಿಂದ ಹೇಳುತ್ತಾ ಅದೇ ಹಲಗೆ ಮೇಲೆ 'ಊಟ' ಒತ್ತಿ. ಮನೆಯಲ್ಲಿ ಯಾರೂ ಆಡದ ಭಾಷೆಯನ್ನ ಅವನೊಬ್ಬನೇ ಹೇಗೆ ಕಲೀಬೇಕು?


ಸುಮ್ನೆ ಓದುಗ · ಬೆಳಗ್ಗೆ 7:05

ಬೇಜಾರಾಗಬೇಡಿ, ಆದರೆ ಇದೆಲ್ಲ ಶೋಕಿ ಅನ್ಸುತ್ತೆ. ಆ ದುಡ್ಡು ಸ್ಪೀಚ್ ಥೆರಪಿಗೆ ಹಾಕಿ. ಮಷೀನ್ ಕೊಟ್ಟರೆ ಇರೋ ನಾಲ್ಕು ಮಾತೂ ನಿಂತುಹೋಗುತ್ತೆ. ನಮ್ಮ ಪರಿಚಯದವರ ಮಗು ಫೋನ್ ನೋಡಿ ನೋಡಿ ಮಾತೇ ಬಿಟ್ಟಿತು.


ಬೀದರ್ ಟೀಚರ್ · ಬೆಳಗ್ಗೆ 8:40

ಕಾರ್ಟೂನ್ ನೋಡೋ ಫೋನ್ ಬೇರೆ, ಮಾತಾಡೋ ಹಲಗೆ ಬೇರೆ. ಈ ಭಯ ಹಳೇದು, ನನಗೂ ಇತ್ತು. ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡಿದವರು ಹೇಳೋದು ಉಲ್ಟಾ: ಮಾತು ಕಡಿಮೆಯಾಗಲ್ಲ, ಎಷ್ಟೋ ಮಕ್ಕಳಲ್ಲಿ ಸ್ವಲ್ಪ ಹೆಚ್ಚಾಗ್ತದೆ. ನನ್ನ ಕಣ್ಣಿಗೆ ಕಂಡ ಕಾರಣ ಹೇಳ್ತೀನಿ. ಈಗ ಹೇಳಲೇಬೇಕು ಅಂತ ಒತ್ತಡ ಬಿದ್ದಷ್ಟೂ ಈ ಮಕ್ಕಳ ಮೈ ಇನ್ನೂ ಬಿಗೀತದೆ, ಗಂಟಲೂ ಬಿಗೀತದೆ. ಬಟನ್ ಇದೆ ಅನ್ನೋ ಧೈರ್ಯ ಬಂದ ಮೇಲೆ ಮೈ ಸಡಿಲ ಆಗಿ ದನಿ ತಾನೇ ಹೊರಬರ್ತದೆ. ಥೆರಪಿ ಬಿಡಿ ಅಂತ ಯಾರೂ ಅಂದಿಲ್ಲ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಥೆರಪಿ ಮಾಡೋರೇ ಚಿತ್ರದ ಹಲಗೆಯನ್ನೂ ಕಲಿಸ್ತಾರೆ.


ಸೇಡಂ ಟು ಸಿಲ್ಕ್‌ಬೋರ್ಡ್ · ಬೆಂಗಳೂರು · ಬುಧವಾರ ಮಧ್ಯಾಹ್ನ

ನಮ್ಮೂರು ಸೇಡಂ, ಹೊಟ್ಟಿಪಾಡು ಇಲ್ಲಿ. ಸ್ಪೀಚ್ ಸಾಫ್ಟ್‌ವೇರ್‌ದಾಗ ಕೆಲಸ ಮಾಡ್ತೀನಿ, ಹಂಗಾಗಿ ಮಷೀನ್ ಯಾಕ ಹಂಗ ಮಾತಾಡ್ತದ ಅಂತ ಹೇಳಬಲ್ಲೆ.

ಸ್ಟುಡಿಯೋದಾಗ ಒಬ್ಬರನ್ನ ಕೂಡಿಸಿ ತಾಸುಗಟ್ಲೆ ಪುಸ್ತಕದ ವಾಕ್ಯ ಓದಸ್ತಾರ. ಆ ದನಿ, ಆ ಬರಹ, ಎರಡೂ ಮಷೀನಿಗೆ ಉಣಿಸ್ತಾರ. ಅದು ಕಲಿಯೋದು ಓದೋ ಕನ್ನಡ. ಮಾತಾಡೋ ಕನ್ನಡ ಅದರ ಕಿವಿಗೆ ಬಿದ್ದೇ ಇಲ್ಲ. ಕೇಳಿಸ್ಕೊಳ್ಳೋ ಕಡಿನೂ ಅದೇ ಹಣೆಬರಹ. ನಮ್ಮಪ್ಪ ಫೋನಿಗೆ 'ಯಾನ್ ಟೈಮ್ ಆಗ್ಯಾದ' ಅಂತ ಕೇಳಿದ್ರ ಅದು ಯಾವುದೋ ವಾಹನ ತೋರಿಸ್ತು. ನಮಗ 'ಯಾನ್' ಅಂದ್ರ 'ಏನು', ಅದಕ್ಕ 'ಯಾನ' ಅಂದ್ರ ಪ್ರಯಾಣ, ವಾಹನ. ತಪ್ಪು ಅದರದ್ದಲ್ಲ, ಕಲಿಸಿದೋರದ್ದು.

ಈಗೀಗ ಬದಲಾಗ್ಲಾಕತ್ತದ. ಬೆಂಗಳೂರಿನ ವಿಜ್ಞಾನ ಸಂಸ್ಥೆ ಐಐಎಸ್‌ಸಿ ಮತ್ತ ಗೂಗಲ್ ಸೇರಿ ವಾಣಿ ಅಂತ ಯೋಜನೆ ನಡಸ್ಯಾವ, ಜಿಲ್ಲಾ ಜಿಲ್ಲಾಕ್ಕ ಹೋಗಿ ಮಂದಿ ಸಹಜ ಮಾತಾಡೋದನ್ನ ರೆಕಾರ್ಡ್ ಮಾಡೋದು. ಐಐಟಿ ಮದ್ರಾಸಿನ ಎಐ ಫೋರ್ ಭಾರತ್‌ದವರು ನಮ್ಮ ದೇಶದ ಭಾಷೆ ಕಲಿಸಿದ ಕಂಪ್ಯೂಟರ್ ಮಾದರಿಗಳನ್ನ ಯಾರು ಬೇಕಾದ್ರೂ ಬಳಸಲಿ ಅಂತ ಮುಕ್ತ ಬಿಟ್ಟಾರ. ಭಾಷೆಯಿಂದ ಭಾಷೆಗೆ ಅನುವಾದ ಮಾಡೋ ಕೇಂದ್ರ ಸರ್ಕಾರದ ಭಾಷಿಣಿ 2022ರಾಗ ಶುರುವಾತು. ಆದರ ನಿಮ್ಮ ತಮ್ಮನ ಟ್ಯಾಬ್ಲೆಟ್‌ನ ಆ್ಯಪ್‌ಗೆ ಇದೆಲ್ಲ ಇಳಿದು ಬರೂತನ ಅವ ಕಾಯಬೇಕೇನು?

ಇವತ್ತೇ ಮಾಡೋದು ಎರಡು. ಒಂದು, ಬಟನ್ ಕೆಳಗ ಬರಹ ತಿದ್ದಲಾಕ ಬರ್ತದ. 'ನನಗೆ ನೀರು ಬೇಕು' ಅಳಿಸಿ 'ಯವ್ವಾ ನೀರ್ ಕೊಡ' ಅಂತ ಟೈಪ್ ಮಾಡ್ರಿ, ಬರದಂಗ ಓದ್ತದ. ಆದರ ಧಾಟಿ ಬೆಂಗಳೂರಿನಾವ ನಾಟಕದಾಗ ಗುಲಬರ್ಗಾ ಪಾರ್ಟ್ ಮಾಡಿದಂಗ ಇರ್ತದ, ನಗ್ಬ್ಯಾಡ್ರಿ. ಎರಡು, ಟೀಚರ್ ಹೇಳಿದ ರೆಕಾರ್ಡಿಂಗ್. ನನ್ನ ಓಟು ಅದಕ್ಕೇ.

ಬೇಕಂದ್ರ ಗೆಳೆಯನ ದನಿ ಸ್ವಲ್ಪ ಹೊತ್ತು ತಗೊಂಡು ಅದೇ ದನ್ಯಾಗ ಏನು ಟೈಪ್ ಮಾಡಿದ್ರೂ ಮಾತಾಡೋ ಹಂಗ ಮಾಡ್ಲಾಕ ನಾ ಪ್ರಯತ್ನ ಮಾಡ್ತೀನಿ.


ಬೀದರ್ ಟೀಚರ್ · ಬುಧವಾರ ಸಂಜೆ

ದನಿ ಕೊಡೋ ಹುಡುಗನ ಒಪ್ಪಿಗೆ ಬೇಕು, ಸೇಡಂನೋರೇ. ಅವನ ದನಿಯಲ್ಲಿ ಅವ ಆಡದ ಮಾತು ಬರ್ತದೆ. ನಾಳೆ ಇಬ್ಬರಿಗೂ ಜಗಳ ಆದರೆ?


ಸೇಡಂ ಟು ಸಿಲ್ಕ್‌ಬೋರ್ಡ್ · ಬುಧವಾರ ಸಂಜೆ

ಖರೇ. ಇದನ್ನ ನಾ ವಿಚಾರ ಮಾಡಿರಲಿಲ್ಲ. ಹಂಗಾದ್ರ ಸದ್ಯ ರೆಕಾರ್ಡಿಂಗ್ ಸಾಕು.


ಬಿಳಿಕೋಲು · ಕಲಬುರಗಿ · ಬುಧವಾರ ರಾತ್ರಿ

ಅಕ್ಕ ಅವರೇ, ನಾನು ಹುಟ್ಟುಕುರುಡ, ಬ್ಯಾಂಕಿನಲ್ಲಿ ಕೆಲಸ. ದಿನಕ್ಕೆ ಹತ್ತು ತಾಸು ಮಷೀನ್ ದನಿ ಕೇಳಿಯೇ ಬದುಕೋನು. ಒಂದು ಸಣ್ಣ ವಿಷಯ ಯಾರೂ ಹೇಳಲಿಲ್ಲ. ಆಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಟೆಕ್ಸ್ಟ್ ಟು ಸ್ಪೀಚ್‌ಗೆ ಹೋಗಿ, ಗೂಗಲ್ ಎಂಜಿನ್ ಒಳಗೆ ಕನ್ನಡ ಆರಿಸಿ ದನಿಗಳ ಪಟ್ಟಿ ತೆಗೆಯಿರಿ. ಗಂಡುದನಿಯೂ ಇದೆ. ನಿಮ್ಮ ಆ್ಯಪ್ ಫೋನಿನ ದನಿಯನ್ನೇ ಬಳಸುತ್ತಿದ್ದರೆ ಹೆಂಗಸಿನ ದನಿಯ ಸಮಸ್ಯೆ ಎರಡು ನಿಮಿಷದಲ್ಲಿ ಮುಗೀತು. ಆಡುಮಾತಿನ ಸಮಸ್ಯೆ ಮಾತ್ರ ಉಳಿಯಿತು.

ದನಿ ಎಷ್ಟೇ ಚಂದ ಇದ್ದರೂ ಓದೋಕೆ ಕೊಡೋದು ಸರಿಯಿಲ್ಲದಿದ್ದರೆ ಏನಾಗುತ್ತೆ ಅಂತ ಕೇಳಿ. ನಮ್ಮ ಕಡೆ ಎಷ್ಟೋ ಕಾಗದಪತ್ರ ಇನ್ನೂ ಹಳೇ ಫಾಂಟಿನಲ್ಲೇ ಟೈಪ್ ಆಗುತ್ತೆ. ಕಣ್ಣಿಗೆ 'ಕನ್ನಡ' ಅಂತ ಕಾಣುತ್ತಂತೆ, ಒಳಗೆ ಇರೋದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆ. ಪರದೆ ಮೇಲಿನದ್ದನ್ನ ಓದಿ ಹೇಳೋ ನನ್ನ ಸ್ಕ್ರೀನ್ ರೀಡರ್ ಪಾಪ ಇದ್ದದ್ದನ್ನ ಇದ್ದಂಗೆ ಓದುತ್ತೆ: 'ಪಿ, ಪೌಂಡ್, ಕ್ಯೂ'. ಒಂದು ಸುತ್ತೋಲೆ ಪೂರ್ತಿ ಹೀಗೆ ಕೇಳಿಸಿಕೊಂಡಿದ್ದೀನಿ, ಪೌಂಡು ಡಾಲರು ಎಣಿಸುತ್ತಾ. ಅದನ್ನ ಯೂನಿಕೋಡಿಗೆ, ಅಂದ್ರೆ ಮಷೀನಿಗೂ ಕನ್ನಡ ಅಂತಲೇ ತಿಳಿಯೋ ಅಕ್ಷರಕ್ಕೆ, ಬದಲಿಸೋ ಪರಿವರ್ತಕ ಇಟ್ಟುಕೊಂಡಿದ್ದೀನಿ, ಒತ್ತಕ್ಷರದಲ್ಲಿ ಆಗಾಗ ಎಡವುತ್ತೆ. ಅದನ್ನೇ ಪ್ರಿಂಟ್ ತೆಗೆದು ಸ್ಕ್ಯಾನ್ ಮಾಡಿ ಪಿಡಿಎಫ್ ಕಳಿಸಿದರಂತೂ ಮುಗೀತು, ಅದು ಬರೇ ಚಿತ್ರ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟು ಡಿಜಿಟಲ್ ಸೌಲಭ್ಯ ಸಿಗೋದು ಬದುಕುವ ಹಕ್ಕಿನ ಭಾಗ, ಸಂವಿಧಾನದ 21ನೇ ವಿಧಿ ಅಂತ ಹೇಳಿತಲ್ಲ, ಆ ಸುದ್ದಿಯನ್ನ ನನಗೆ ಕಳಿಸಿದ ಗೆಳೆಯ ಪೇಪರಿನ ಫೋಟೊ ಹೊಡೆದು ಕಳಿಸಿದ್ದ.

ಕೋಲಿನ ವಿಷಯ ಕೇಳುವವರಿಗೆ: ಐಐಟಿ ದೆಹಲಿಯ ಸ್ಮಾರ್ಟ್‌ಕೇನ್ ನನ್ನ ಹತ್ತಿರ ಇದೆ. ಬಾವಲಿ ಹಾಗೆ, ಕಿವಿಗೆ ಕೇಳದ ಶಬ್ದ ಬಿಟ್ಟು ಎದುರಿಗೆ ಬಡಿದು ಬಂದದ್ದನ್ನ ಹಿಡಿಯುತ್ತೆ, ಮೂರು ಮೀಟರ್‌ವರೆಗೆ. ಹತ್ತಿರ ಬಂದಂಗೆ ಹಿಡಿಕೆಯ ನಡುಕ ಬದಲಾಗುತ್ತೆ. ಮೊಣಕಾಲಿಂದ ತಲೆವರೆಗಿನ ಅಡ್ಡಿಗೆ ಅದು. ಕಬ್ಬಿನ ಹಂಗಾಮಿನಲ್ಲಿ ಆಳಂದ, ಅಫಜಲಪುರ ಕಡೆ ಹೋದವರಿಗೆ ಗೊತ್ತು, ನಿಂತ ಟ್ರಾಲಿಯ ಹಿಂದೆ ಕಬ್ಬು ಚಾಚಿಕೊಂಡಿರುತ್ತೆ. ಬರೀ ಕೋಲು ಅದರ ಕೆಳಗೇ ತೂರಿ ಹೋಗುತ್ತೆ, ಮುಖಕ್ಕೆ ಬಡಿದ ಮೇಲೇ ಗೊತ್ತಾಗೋದು. ಸ್ಮಾರ್ಟ್‌ಕೇನ್ ಬಂದ ಮೇಲೆ ಅದು ತಪ್ಪಿದೆ. ಆದರೆ ಬಾಯಿ ತೆರೆದ ಚರಂಡಿ ಅದಕ್ಕೆ ಕಾಣಲ್ಲ, ಅದನ್ನ ಇವತ್ತಿಗೂ ಹೇಳೋದು ಕೋಲಿನ ತುದಿಯೇ. ಬ್ಯಾಟರಿ ಬಂತು ಅಂತ ನೆಲ ಕುಟ್ಟೋದನ್ನ ಬಿಟ್ಟವರು ಬಿದ್ದಿದ್ದಾರೆ.


ಭಾಲ್ಕಿ ಹುಡ್ಗ · ಬುಧವಾರ ರಾತ್ರಿ

ಪಿ ಪೌಂಡ್ ಕ್ಯೂ... ನಮ್ಮ ಆಫೀಸಿನ ಸುತ್ತೋಲೆ ಕಣ್ಣಿದ್ದೋರಿಗೂ ಹಂಗೇ ತಿಳಿತಾವ ಅಣ್ಣಾ.


ಭೀಮಾ ತೀರ · ಯಾದಗಿರಿ · ಗುರುವಾರ ನಸುಕು 4:20

ದನಿಯ ಮಾತು ಬಂದದ್ದಕ್ಕೆ ಬರೀತಿದ್ದೀನಿ. ಈ ಹೊತ್ತಿಗೆ ಎದ್ದಿದ್ದೀನಿ ಅಂದ್ರೆ ನಮ್ಮ ತಂದೆ ಎದ್ದಿದ್ದಾರೆ ಅಂತ ಅರ್ಥ.

ಅವರಿಗೆ 78. ಅರವತ್ತಕ್ಕೆ ಅರಳು ಮರಳು ಅಂತಾರಲ್ಲ, ನಾವೂ ಹಾಗೇ ಅಂದುಕೊಂಡು ನಾಲ್ಕು ವರ್ಷ ಕಳೆದೆವು. ಬೆಂಗಳೂರಿಗೆ ಕರೆದೊಯ್ದ ಮೇಲೆ ಡಿಮೆನ್ಶಿಯಾ ಅಂತ ಗೊತ್ತಾಯ್ತು. ಅದು ರೋಗ, ವಯಸ್ಸಲ್ಲ ಅಂತ ಡಾಕ್ಟರು ಎರಡೆರಡು ಸಲ ಹೇಳಿದರು. ದೇಶದಲ್ಲಿ 60 ದಾಟಿದವರಲ್ಲಿ ಶೇ 7.4 ಜನಕ್ಕೆ, ಸುಮಾರು 88 ಲಕ್ಷ ಮಂದಿಗೆ ಇದೆ ಅಂತ 2023ರಲ್ಲಿ ಬಂದ ಅಂದಾಜು.

ಗುಳಿಗೆ ನೆನಪಿಸುವ ಒಂದು ಮಷೀನ್ ತಂದೆ. ಹೊತ್ತಿಗೆ ಸರಿಯಾಗಿ ನಾವು ರೆಕಾರ್ಡ್ ಮಾಡಿದ ಮಾತು ಹೇಳುತ್ತೆ. ಅಪರಿಚಿತ ದನಿ ಬೇಡ ಅಂತ ನನ್ನದೇ ದನಿ ಹಾಕಿದೆ: 'ಅಪ್ಪಾ, ಗುಳಿಗಿ ತಗೋ.' ಮೊದಲ ದಿನ ನಾನು ಡ್ಯೂಟಿಗೆ ಹೋಗಿದ್ದೆ. ಮಷೀನ್ ಕೂಗಿದೆ. ಅಪ್ಪ ಎದ್ದು ನನ್ನನ್ನ ಹುಡುಕಿದ್ದಾರೆ. ಕಪಾಟಿನ ಹಿಂದೆ, ಮಂಚದ ಕೆಳಗೆ, ಬಚ್ಚಲಲ್ಲಿ. ಹೆಂಡತಿ ಫೋನ್ ಮಾಡಿದಾಗ ಅಪ್ಪ ಅಳ್ತಿದ್ದರು, ಮಗ ಕರೆದ, ಕಾಣ್ತಾ ಇಲ್ಲ ಅಂತ. ಗುಳಿಗೆ ಅಲ್ಲೇ ಇತ್ತು.

ಅಂದೇ ನನ್ನ ದನಿ ತೆಗೆದೆ. ಈಗ ಬರೇ ಗಂಟೆ ಶಬ್ದ ಇಟ್ಟಿದ್ದೀನಿ, ಗುಡಿ ಗಂಟೆ ಥರದ್ದು. ಗಂಟೆ ಕೇಳಿದರೆ ಕೈ ಮುಗೀತಾರೆ, ಆಗ ಹೆಂಡತಿ ತೀರ್ಥ ಕೊಟ್ಟ ಹಾಗೆ ನೀರು, ಗುಳಿಗೆ ಕೊಡ್ತಾಳೆ. ನಡೀತಿದೆ.

ಮನೆ ಬಿಟ್ಟು ಹೋಗೋದಕ್ಕೆ ಜಿಪಿಎಸ್ ಲಾಕೆಟ್ ತಂದಿದ್ದೆ, ಕೊರಳಿಗೆ ಹಾಕಿದರೆ ಕಿತ್ತೆಸೀತಿದ್ದರು. ಕಡೆಗೆ ಉಡದಾರಕ್ಕೆ ಸಣ್ಣ ಚೀಲ ಹೊಲಿದು ಕಟ್ಟಿದೆವು. ಉಡದಾರ ಹುಟ್ಟಿದಾಗಿಂದ ಮೈಮೇಲಿದ್ದದ್ದು, ಅದನ್ನ ಮುಟ್ಟಲ್ಲ. ಎರಡು ಸಲ ರೈಲ್ವೆ ಸ್ಟೇಷನ್‌ನಲ್ಲಿ ಸಿಕ್ಕಿದ್ದಾರೆ. 1970ರ ದಶಕದಲ್ಲಿ ವಾಡಿಗೆ ದಿನಾ ಹೋಗಿ ಬರ್ತಿದ್ದರು, ಈಗಲೂ ಡ್ಯೂಟಿಗೆ ಲೇಟ್ ಆಯ್ತು ಅಂತಾರೆ. ತಂದೆಗೆ ಗೊತ್ತಿಲ್ಲದಂತೆ ಬೆನ್ನು ಹತ್ತಿದ್ದೀನಲ್ಲ ಅಂತ ಒಮ್ಮೊಮ್ಮೆ ಕಸಿವಿಸಿ ಆಗುತ್ತೆ. ಆದರೆ ಬೇಸಿಗೆಯಲ್ಲಿ 43 ಡಿಗ್ರಿ ಬಿಸಿಲಿರೋ ಊರು ಇದು.


ಗಂಜ್ ಅಕ್ಕ · ಗುರುವಾರ

ಅಣ್ಣಾ, ನಿಮ್ಮದು ಓದಿ ಅವ್ವಗ ಹೇಳಿದೆ. ಆಕಿ ಸುಮ್ನ ಕುಂತಳು. ಆಮ್ಯಾಲ ಅಂದಳು, 'ಹಂಗಾದ್ರ ಅವಗ ನಿನ್ನ ದನಿ ಹಾಕಬ್ಯಾಡ, ನೀ ಮದಿವ್ಯಾಗಿ ಹೋದಮ್ಯಾಲ ಹುಡುಕ್ತಾನ.' ಅದು ಬ್ಯಾರೆ ಇದು ಬ್ಯಾರೆ ಯವ್ವಾ ಅಂದೆ. ಆದರ ಮನಸಿನ್ಯಾಗ ಕುಂತದ.

ನಮ್ಮ ಚಿಗಪ್ಪನ ಮಗ ಒಬ್ಬ ಅದಾನ, 20 ವರ್ಷ. ಐತವಾರ ಕರೀತೀನಿ.


ಮೂರು ಗಾಲಿ · ಶಹಾಬಾದ್ · ಗುರುವಾರ ರಾತ್ರಿ

ಎಲ್ಲಾರೂ ದನಿ ದನಿ ಅಂತೀರಿ. ನಾ ಪೋಲಿಯೋದಾಂವ, ಬಾಯಿ ಜೋರದ, ಕಾಲು ಇಲ್ಲ. ನನ್ನ ದುಃಖ ಬ್ಯಾಟರಿದು.

ಕ್ಯಾಂಪಿನ್ಯಾಗ ಮೋಟಾರ್ ಟ್ರೈಸಿಕಲ್ ಕೊಟ್ರು, ಹಾರ ಹಾಕಿ ಫೋಟೊ ತಗೊಂಡ್ರು. ಒಂದು ವರ್ಷ ರಾಜಾನಂಗ ತಿರುಗಿದೆ. ಎರಡನೇ ಬ್ಯಾಸಿಗ್ಯಾಗ ಬ್ಯಾಟರಿ ಕೂತು ಹೋತು. ಲೆಡ್ ಆ್ಯಸಿಡ್ ಬ್ಯಾಟರಿ ಬಿಸಿಲಿಗೆ ಜಲ್ದಿ ಸಾಯ್ತದ. ಖಾಲಿ ಬಿಟ್ರ ಇನ್ನೂ ಜಲ್ದಿ. ಕೊಡುವಾಗ ಯಾರೂ ಹೇಳಲಿಲ್ಲ. ಮ್ಯಾಲಿನೋರಿಗೆ ಫೋನ್ ಮಾಡಿದ್ರ ಸರ್ವಿಸ್‌ಗೆ ಮಷೀನ್ ತಗೊಂಡು ಬರ್ರಿ ಅಂತಾರ. ಏನ್ ಹೊತ್ಕೊಂಡು ಹೋಗ್ಲಿ?

ರಿಪೇರಿ ಮಾಡಿದವ ಯಾರು ಗೊತ್ತೇನ್ರಿ? ಬ್ಯಾಟರಿ ಆಟೋ ರಿಪೇರಿ ಮಾಡೋ ಹುಡುಗ. ಕಂಟ್ರೋಲರ್ ಬಿಚ್ಚಿ ನೋಡಿ, 'ಕಾಕಾ, ಇದೂ ನಮ್ಮ ಗಾಡಿನೇ, ಸಣ್ಣದಷ್ಟೇ' ಅಂದ. ಅವಗ ಯಾವ ಟ್ರೇನಿಂಗೂ ಇಲ್ಲ. ಐಐಟಿ ಮದ್ರಾಸ್ ಕಡೀಂದ ನಿಯೋಬೋಲ್ಟ್ ಅಂತ ಬಂದದ, ಗಾಲಿಕುರ್ಚಿಗೆ ಮುಂದ ಸಿಗಸಿ ಓಡಸೋದು, ತಾಸಿಗೆ 25 ಕಿಲೋಮೀಟರ್. ವಿಡಿಯೋ ನೋಡಿ ಜೀವ ಹೋತು. ಆದರ ನನ್ನ ಮೊದಲ ಪ್ರಶ್ನೆ: ಶಹಾಬಾದ್‌ದಾಗ ಅದನ್ನ ಬಿಚ್ಚಾವ ಯಾರು?

ಅಕ್ಕಾ, ತಮ್ಮನ ಟ್ಯಾಬ್ಲೆಟ್‌ಗೂ ಇದೇ ಕೇಳಿಕೋ. ಬಟನ್ ಹಾಕಾವ ಊರಾಗ ಇರಬೇಕು, ಬೆಂಗಳೂರಾಗಲ್ಲ. ಸೇಡಂ ಸಾಹೇಬ್ರು ಸಿಟ್ಟಾಗಬ್ಯಾಡ್ರಿ.


ಸೇಡಂ ಟು ಸಿಲ್ಕ್‌ಬೋರ್ಡ್ · ಗುರುವಾರ ರಾತ್ರಿ

ಸಿಟ್ಟೇನಿಲ್ಲ ಕಾಕಾ. ನಾ ಊರಿಗೆ ಬರೋದೇ ವರ್ಷಕ್ಕೆ ಎರಡು ಸಲ.


ಹಳ್ಳಿ ಕಾರ್ಯಕರ್ತೆ · ಆಳಂದ ತಾಲೂಕು · ಶುಕ್ರವಾರ

ನಾನು ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ, ಎಲ್ಲಾರೂ ವಿಆರ್‌ಡಬ್ಲ್ಯೂ ಅಂತಾರ. ದುಡ್ಡಿನ ದಾರಿ ಹೇಳ್ತೀನಿ, ಜಲ್ದಿ ಜಲ್ದಿ, ಮನಿ ಮನಿ ತಿರುಗೋದದ.

ಮೊದಲ ಯುಡಿಐಡಿ ಕಾರ್ಡ್, ಅಂದ್ರ ವಿಕಲಚೇತನರ ಗುರುತಿನ ಚೀಟಿ, ಅದೇನು ನೋಡ್ರಿ, ಇಲ್ಲಂದ್ರ ಯಾವ ಬಾಗಿಲೂ ತೆಗಿಯಲ್ಲ. ವಿಕಲಚೇತನರಿಗೆ ಸಾಧನ ಕೊಡೋ ಕೇಂದ್ರದ ಎಡಿಪ್ ಯೋಜನೆ 1981ರಿಂದ ಅದ, ಅದರಾಗ ಟ್ರೈಸಿಕಲ್, ಶ್ರವಣ ಸಾಧನ ಅಷ್ಟೇ ಅಲ್ಲ, ಕಣ್ಣು ಕಾಣದವರಿಗೆ ಸ್ಮಾರ್ಟ್‌ಕೇನ್, ಸ್ಮಾರ್ಟ್‌ಫೋನ್‌ನೂ ಬರ್ತಾವ. ಅದೇ ನಮೂನಿ ಸಾಧನ ಮತ್ತೊಮ್ಮೆ ಬೇಕಂದ್ರ ವರ್ಷಗಟ್ಲೆ ಕಾಯಬೇಕು, ಅದಕ್ಕೇ ಕಾಕಾಗ ತ್ರಾಸಾಗಿದ್ದು. ಸೆರೆಬ್ರಲ್ ಪಾಲ್ಸಿ, ಆಟಿಸಂ, ಬುದ್ಧಿಮಾಂದ್ಯ, ಬಹುವಿಧ ಅಂಗವಿಕಲತೆ, ಈ ನಾಲ್ಕಕ್ಕೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ದು ನಿರಾಮಯ ಅನ್ನೋ ಆರೋಗ್ಯ ವಿಮಾ ಅದ, ವರ್ಷಕ್ಕೆ 1 ಲಕ್ಷದತನ, ಥೆರಪಿ ಖರ್ಚೂ ಅದರಾಗ ಬರ್ತದ. ಅಕ್ಕನೋರು ಇದನ್ನ ಮಾಡಿಸಿರಿಲ್ಲೋ ಗೊತ್ತಿಲ್ಲ, ಬಹಳ ಮಂದಿ ಮಾಡಿಸಿಲ್ಲ.

ಹಳ್ಳಿಯೋರಿಗೆ: ಗ್ರಾಮ ಪಂಚಾಯಿತಿ ಸ್ವಂತ ಆದಾಯದಾಗ ಶೇ 5 ವಿಕಲಚೇತನರಿಗಂತ ಇಡಬೇಕು. ಬ್ಯಾಟರಿ ಬದಲಿ, ಟ್ಯಾಬ್ಲೆಟ್ ಪರದಿ ರಿಪೇರಿ ಇಂಥದ್ದಕ್ಕ ಅರ್ಜಿ ಕೊಡ್ರಿ. ಗ್ರಾಮಸಭೆದಾಗ ಎದ್ದು ಕೇಳ್ರಿ. ಕೇಳದಿದ್ರ ಆ ರೊಕ್ಕ ಮತ್ತೆಲ್ಲೋ ಹೋಗ್ತದ.

ನಂದೊಂದು ಹೊಟ್ಟಿ ಉರಿ. ನನ್ನ ಭಾಗದಾಗ ತಾಂಡಾಗಳು ಭಾಳ. ಅಲ್ಲಿ ಮಕ್ಕಳು ಮನ್ಯಾಗ ಆಡೋದು ಲಂಬಾಣಿ. ಅದಕ್ಕ ಸ್ವಂತ ಲಿಪಿ ಇಲ್ಲ. ಕನ್ನಡ ಆ್ಯಪ್ ಕೊಟ್ರ ಆ ಕೂಸಿಗೆ ಅದೂ ಪರಭಾಷೆನೇ. ಒಂದು ಮನ್ಯಾಗ ಕೂಸಿನ ಅಜ್ಜಿ ಕಡೀಂದ 30 ಮಾತು ಲಂಬಾಣ್ಯಾಗ ರೆಕಾರ್ಡ್ ಮಾಡಿಸಿ ಹಾಕಿದೆ. ಸಾಲಿ ಟೀಚರಿಗೆ ಈಗ ಅದು ತಿಳಿಯಲ್ಲ. ಇದಕ್ಕ ಏನ್ ಮಾಡ್ಲಿ ಹೇಳ್ರಿ ಬೀದರ್ ಮೇಡಂ.


ಬೀದರ್ ಟೀಚರ್ · ಶುಕ್ರವಾರ

ಟೀಚರಿಗೆ ಆ 30 ಮಾತು ಕಲಿಸಿ. ಹುಡುಗಾಟ ಅಲ್ಲ, ಖರೇ ಹೇಳ್ತಿದ್ದೀನಿ. ಚಿತ್ರದ ಕೆಳಗೆ ಕನ್ನಡದಲ್ಲಿ ಅರ್ಥ ಬರೆದಿಡಿ. ಕೂಸು ಒತ್ತಿದಾಗ ಲಂಬಾಣಿ ಕೇಳ್ತದೆ, ಟೀಚರ್ ಕಣ್ಣಿಗೆ ಕನ್ನಡ ಕಾಣ್ತದೆ.


ಕಿವಿಮಾತು · ಬೀದರ್ · ಶುಕ್ರವಾರ ರಾತ್ರಿ

ಎರಡು ಭಾಷೆ ಬಂದದ್ದಕ್ಕೆ. ನನಗೆ ಎರಡೂ ಕಿವಿ ಮಂದ, ಮಷೀನ್ ಹಾಕ್ತೀನಿ. ಅದು ಸಾಲದ ಕಡೆ ಲೈವ್ ಟ್ರಾನ್ಸ್‌ಕ್ರೈಬ್ ತೆಗೀತೀನಿ, 2019ರಲ್ಲಿ ಗೂಗಲ್ ಬಿಟ್ಟದ್ದು. ಎದುರಿನವರು ಆಡಿದ್ದು ಪರದೆ ಮೇಲೆ ಅಕ್ಷರ ಆಗುತ್ತೆ. ಕನ್ನಡ ಇದೆ. ಪೇಪರ್ ಕನ್ನಡ ಮಾತಾಡಿದರೆ ತಕ್ಕಮಟ್ಟಿಗೆ ಬರುತ್ತೆ. ಆದರೆ ನಮ್ಮ ಬೀದರಿನಲ್ಲಿ ಒಬ್ಬ ಮನುಷ್ಯ ಒಂದೇ ಉಸಿರಿಗೆ 'ಅರೆ ಭಾಯ್, ನಿನ್ನೆ ಯಾಕ್ ಬರಲಿಲ್ಲ, ಮೈ ಕಿತ್ನಾ ದೇರ್ ಖಡಾ ಥಾ' ಅಂತಾನೆ. ಅದಕ್ಕೆ ತಲೆ ತಿರುಗಿ ಬೀಳುತ್ತೆ. ಎರಡು ಭಾಷೆ ಆರಿಸಿ ಇಟ್ಟುಕೊಳ್ಳಬಹುದು, ಒಂದರಿಂದ ಒಂದಕ್ಕೆ ನಾವೇ ಬದಲಿಸಬೇಕು. ನಡು ವಾಕ್ಯದಲ್ಲಿ ಯಾವ ಬೆರಳು ಅಷ್ಟು ಓಡುತ್ತೆ?

ಮಷೀನ್ ಹಾಕೋರಿಗೆ ಸಣ್ಣ ಮಾತು: ಜಿಂಕ್ ಬ್ಯಾಟರಿಯ ಸ್ಟಿಕ್ಕರ್ ಕಿತ್ತ ಕ್ಷಣದಿಂದ ಗಾಳಿ ಹೊಕ್ಕು ಅದು ಸವೆಯೋಕೆ ಶುರು. ಅಂಗಡಿಯವ 'ಚೆಕ್ ಮಾಡಿ ಕೊಡ್ತೀನಿ' ಅಂತ ಎಲ್ಲಾ ಸ್ಟಿಕ್ಕರ್ ಕೀಳೋಕೆ ಬಿಡಬೇಡಿ. ನಾನು ಆರು ಬ್ಯಾಟರಿ ಹೀಗೆ ಕಳಕೊಂಡೆ.


ಗಂಜ್ ಅಕ್ಕ · ಕಲಬುರಗಿ · ಮೂರು ವಾರದ ಮ್ಯಾಲ

ಎಲ್ಲಾರಿಗೂ ಶರಣು. ತಡ ಆತು.

ಅವತ್ತ ಬಿಳಿಕೋಲು ಅಣ್ಣಾರು ಹೇಳಿದ ಗಂಡುದನಿ ಹಾಕಿದ್ವಿ. ಕೇಳಿದ, ಮಾರಿ ಕಿವಿಚಿದ. ಆಮ್ಯಾಲ ಚಿಗಪ್ಪನ ಮಗ ಬಂದ. ಮೊದಲ ಬಟನ್ ಯಾವುದು ಬೇಕು ಅಂತ ತಮ್ಮನ್ನೇ ಕೇಳಿದ್ವಿ. ನೀರಲ್ಲ, ಊಟಲ್ಲ, ಬಚ್ಚಲಲ್ಲ. ಮುಕ್ಕಾಲು ತಾಸು ಊಹೆ ಮಾಡಿ ಮಾಡಿ ಸೋತ ಮ್ಯಾಲ ಖಾಲಾ ಬಂದು ಹೇಳಿದಳು, 'ಅರೆ, ಉಸ್ಕೊ ಗಾಲಿ ಹೋನಾ.' ಅವ ಕುರ್ಚ್ಯಾಗ ಕುಣದ ನೋಡ್ರಿ! ಬೈಗುಳ ಬೇಕಾಗಿತ್ತಂತ. ಅವ್ವ ಸಿಟ್ಟಾದಳು. ಕಡೀಗೆ 'ಹೋಗಲೇ, ದೊಡ್ಡಾಂವ ಬಂದ' ಅನ್ನೋದಕ್ಕ ರಾಜಿ ಆತು.

ಈಗ 46 ಬಟನ್ ಆಗ್ಯಾವ. ಖಾಲಾ ಸಲುವಾಗಿ ಬ್ಯಾರೆ ಹಲಗಿ ಮಾಡೀವಿ, ದಖನ್ಯಾಗ 8 ಮಾತು, ಆಕಿ ಜೋಡಿ ಅವ ಮೊದಲಿಂದ ಹಂಗೇ ಮಾತಾಡ್ತಾನ. ಅಕ್ರಿಲಿಕ್ ಹಾಳಿ ಬೋರ್ಡ್ ಅಂಗಡ್ಯಾಗ ಕೊಯ್ಸಿದ್ವಿ. ಮೊದಲ ಸಲ ಅಳತಿ ತಪ್ಪಿ ಎರಡು ಸಲ ಮಾಡಿಸಬೇಕಾತು. ಒಂದು ಬಟನ್ ರೆಕಾರ್ಡ್ ಮಾಡುವಾಗ ಚಿಗಪ್ಪನ ಮಗ ಸೀನಿದ, 'ಜ್ವಾಳದ ರೊಟ್ಟಿ ಬ್ಯಾ... ಹಾಕ್ಷಿ' ಅಂತ ಆಗ್ಯದ. ಅಳಸ್ತೀನಿ ಅಂದ್ರ ತಮ್ಮ ಬಿಡವಲ್ಲ. ಬ್ಯಾಸರಾದಾಗೆಲ್ಲ ಅದನ್ನೇ ಒತ್ತಿ ನಗ್ತಾನ.

ಈಗಿನ ಚಿಂತಿ: ಆ ಹುಡುಗ ಮುಂದಿನ ತಿಂಗಳು ಕೆಲಸಕ್ಕ ಪುಣೆಗೆ ಹೊಂಟಾನ. ಹೋಗೋದ್ರೊಳಗ ಅವನ ದನ್ಯಾಗ ಇನ್ನ ಯಾವ್ಯಾವ ಮಾತು ತುಂಬಿಟ್ಕೊಳ್ಳಿ? ನೀವೂ ಹೇಳ್ರಿ.


ಕಿವಿಮಾತು: 'ಇನ್ನೊಮ್ಮೆ ಹೇಳು.'

ಮೂರು ಗಾಲಿ: 'ಕೇಳಿ ದೂಕ್ರಿ.' ಹಿಂದಿನಿಂದ ಬಂದು ಸುಮ್ನ ದೂಕೋ ಮಂದಿಗೆ.

ಬಿಳಿಕೋಲು: 'ನನ್ನ ಜೋಡಿ ಬಂದವರನ್ನಲ್ಲ, ನನ್ನ ಕೇಳ್ರಿ.' ಹೋಟೆಲಿನಲ್ಲಿ ಮಾಣಿ ಯಾವಾಗಲೂ ಪಕ್ಕದವರನ್ನ ಕೇಳ್ತಾನೆ, 'ಇವರಿಗೇನು ಬೇಕು' ಅಂತ.

ಬೀದರ್ ಟೀಚರ್: ನೋವು ಎಲ್ಲಿ ಅಂತ ಹೇಳೋಕೆ ಮೈಯ ಎಲ್ಲಾ ಅಂಗದ ಹೆಸರು, ಗುಪ್ತಾಂಗ ಸಮೇತ. 'ಅಂವ ನನ್ನ ಮುಟ್ಟಿದ, ನನಗ ಬ್ಯಾಡಾಗಿತ್ತು.' ಇದನ್ನ ಹಾಕೋಕೆ ಎಲ್ಲಾ ಮನೆಯಲ್ಲೂ ಹಿಂಜರೀತಾರೆ. ಹಾಕಿ. ಹೇಳಲಾರದವನು ಅಂತ ಗೊತ್ತಿರೋ ಮಂದಿ ಇರ್ತಾರೆ ಅಕ್ಕಾ.

ಭೀಮಾ ತೀರ: 'ನೀ ಹೋಗಿ ಮಲ್ಕೋ, ನಾ ಅರಾಮ ಇದ್ದೀನಿ.' ಅವ್ವಗೆ ಹೇಳೋಕೆ.

ಸುಮ್ನೆ ಓದುಗ: 'ನೀ ಸುಮ್ಕಿರು' ಆಗಲೇ ಇದೆ ಅಂದ್ಕೋತೀನಿ. ನನಗೂ ಒಂದು ಸಲ ಒತ್ತಲಿ.


ಗಂಜ್ ಅಕ್ಕ · ರಾತ್ರಿ 11:02

ಎಲ್ಲಾ ಅವಗ ಓದಿ ತೋರಿಸಿದೆ. ಟೀಚರ್ ಹೇಳಿದ್ದಕ್ಕ ಭಾಳ ಹೊತ್ತು ನನ್ನ ಮಾರಿನೇ ನೋಡಿದ, ಆಮ್ಯಾಲ ಹೌದು ಅಂತ ತಲಿ ಹಾಕಿದ. ನಾಳೆ ಅದನ್ನೇ ಮೊದಲ ರೆಕಾರ್ಡ್ ಮಾಡಸ್ತೀನಿ. ಭೀಮಾ ತೀರ ಅಣ್ಣಾರದ್ದು ಓದುವಾಗ ಅವ್ವ ಬಾಗಿಲ ಸಂದ್ಯಾಗ ನಿಂತು ಕೇಳ್ಲಾಕತ್ತಿದ್ಳು. ಆ ಬಟನ್ ಬ್ಯಾಡ ಅಂದಳು. ತಮ್ಮ ಬೇಕು ಅಂದಾನ. ಸುಮ್ನೆ ಓದುಗರ ಸಲುವಾಗಿ ಈಗಷ್ಟೇ ಮೂರು ಸಲ ಒತ್ತಿದ.